ಗೇರೆಣ್ಣೆಯ ಎರಡು ಕಲೆ

ನನಗೆ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬರೆಯಹೊರಟಿರುವುದೆಲ್ಲ ಆ ಬಾಯಿ ಒಂದು ದಿನ ಮುಚ್ಚಿಕೊಂಡಿದ್ದರಿಂದ ಆದದ್ದು. ಸಾರಕ್ಕಿಯ ನಮ್ಮ ಬೀದಿಯಲ್ಲಿ ನಾನು ಬಾವಿಗೆ ಬಂದರೆ ಉಳಿದ ಹೆಂಗಸರು ಬಿಂದಿಗೆ ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಿದ್ದರು. ನಮ್ಮ ಅತ್ತೆಯಂತೂ ಮದುವೆಯಾದ ಮೂರನೇ ದಿನವೇ ನನಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದರು. ಅವರೇನೂ ಕಮ್ಮಿ ಇರಲಿಲ್ಲ ಬಿಡಿ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಜಯನಗರದಲ್ಲಿ ಸೈಟುಗಳಿಗೆ ಕಲ್ಲು ನೆಟ್ಟು ಅಲ್ಲೊಂದು ಇಲ್ಲೊಂದು ಮನೆ ಏಳುತ್ತಿದ್ದವು. ಈಗ ಜೆ.ಪಿ. ನಗರ ಅನ್ನುವ ಕಡೆ ರಾಗಿ ಹೊಲ. ಕನಕಪುರದ ರಸ್ತೆಯಿಂದ ಸ್ವಲ್ಪ ಒಳಕ್ಕೆ ಹುಣಸೆ ಮರಗಳ ಹಿಂದೆ ಸಾಹುಕಾರರ ಕುರಿ ಕೊಯ್ಯುವ ಶೆಡ್ಡು ಇತ್ತು. ಅಲ್ಲಿಂದ ಹಾಸ್ಟೆಲ್ಲುಗಳಿಗೆ, ಮಿಲಿಟರಿ ಹೋಟೆಲುಗಳಿಗೆ ಬೆಳಗಾಗುವ ಹೊತ್ತಿಗೆ ಮಾಂಸ ಹೋಗುತ್ತಿತ್ತು. ಒಳಗೆ ಸಾಲಾಗಿ ಎಂಟು ಕೊರಡು. ಒಂದೊಂದು ಕೊರಡಿನ ಮುಂದೆ ಒಬ್ಬೊಬ್ಬ ಕತ್ತರಿಸುವವನು. ಬಾಗಿಲಿಂದ ಎರಡನೆಯದು ನನ್ನ ಗಂಡನದು. ನಾನು ಹಿಂದುಗಡೆ ತೊಟ್ಟಿಯ ಹತ್ತಿರ ಹೆಂಗಸರ ಜೊತೆ ಕರುಳು ಬೋಟಿ ತೊಳೆಯುತ್ತಿದ್ದೆ. ಐದು ತಿಂಗಳ ಮಗಳನ್ನು ಅಲ್ಲೇ ಹುಣಸೆ ಕೊಂಬೆಗೆ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದೆ.

ಆ ವರ್ಷ ಯುಗಾದಿಗೆ ಇನ್ನು ಹದಿನೈದು ದಿನ ಇರುವಾಗ ಹೆಲ್ತ್ ಇನ್ಸ್‌ಪೆಕ್ಟರ್ ಬಂದು ಸಾಹುಕಾರರ ಜೊತೆ ಬಹಳ ಹೊತ್ತು ಮಾತಾಡಿ ಹೋದರು. ಅವರು ಹೋದ ಮೇಲೆ ಸಾಹುಕಾರರು ನಮ್ಮನ್ನೆಲ್ಲ ಕರೆದು ನಿಲ್ಲಿಸಿದರು.

"ನೋಡ್ರಪ್ಪಾ, ಈ ಸಲ ಸುತ್ತಮುತ್ತ ಅಮ್ಮ ಜಾಸ್ತಿ ಎದ್ದಿದಾಳೆ. ದಾಕು ಹಾಕಿಸ್ಕೊಳ್ದೇ ಇರೋ ಆಳು ಒಬ್ಬ ಸಿಕ್ಕಿದ್ರೂ ಲೈಸೆನ್ಸ್ ಕಿತ್ಕೋತಾರಂತೆ. ಯುಗಾದಿ ಹಿಂದಿನ ದಿನ ಬಾಗ್ಲಲ್ಲಿ ನಾನೇ ನಿಂತಿರ್ತೀನಿ. ತೋಳಲ್ಲಿ ಕಲೆ ಇದ್ರೆ ಒಳಗೆ, ಇಲ್ಲಾಂದ್ರೆ ಮನೆಗೆ. ನನ್ ಸ್ವಂತ ತಮ್ಮ ಆದ್ರೂ ಅಷ್ಟೇ."

ಸಿಡುಬನ್ನು ನಮ್ಮವರು ಅಮ್ಮ ಎಂದೇ ಕರೆಯುತ್ತಿದ್ದರು, ರೋಗ ಎನ್ನುವ ಮಾತು ಬಾಯಲ್ಲಿ ಬರಕೂಡದು. ಅದು ಬರದ ಹಾಗೆ ತೋಳಿಗೆ ಮದ್ದಿನ ಹನಿ ಬಿಟ್ಟು ಗೀರುವುದು ದಾಕು. ಸಾಹುಕಾರರದು ತಪ್ಪಿರಲಿಲ್ಲ. ಆಗಲೂ ನನಗೆ ಅದು ಗೊತ್ತಿತ್ತು. ನಮ್ಮಪ್ಪ ಶಾಲೆಯ ಜವಾನ. ನಾನು ನಾಲ್ಕನೇ ಕ್ಲಾಸು ಓದಿದವಳು, ಶಾಲೆಯಲ್ಲೇ ಸಾಲಾಗಿ ನಿಲ್ಲಿಸಿ ನಮಗೆಲ್ಲ ದಾಕು ಹಾಕಿದ್ದರು. ಎಡದೋಳಿನ ಮೇಲೆ ನಾಲ್ಕಾಣೆಯಷ್ಟು ಅಗಲದ ಎರಡು ಕಲೆ ಒಂದರ ಕೆಳಗೊಂದು ಈಗಲೂ ಇವೆ.

ಆದರೆ ನನ್ನ ಗಂಡನ ಮನೆಯಲ್ಲಿ ಯಾರಿಗೂ ದಾಕು ಆಗಿರಲಿಲ್ಲ. ಅತ್ತೆಗೆ ಚಿಕ್ಕಂದಿನಲ್ಲೇ ಸಿಡುಬು ಬಂದು ಮುಖವೆಲ್ಲ ಗುಳಿ ಬಿದ್ದಿತ್ತು. "ಅಮ್ಮ ನನ್ನ ಮುಟ್ಟಿ ಹೋಗಿದಾಳೆ, ನನ್ನ ವಂಶ ಕಾಯ್ತಾಳೆ" ಎಂದು ಅವರ ನಂಬಿಕೆ. ದಾಕು ಹಾಕಿಸಿಕೊಳ್ಳುವುದು ಎಂದರೆ ಅಮ್ಮನನ್ನು ಮನೆಗೆ ಕರೆದ ಹಾಗೆ. ತೋಳಲ್ಲಿ ಹಕ್ಕಳೆ ಇರುವಷ್ಟು ದಿನ ಅಮ್ಮ ಮೈಮೇಲೆ ಕೂತಿರುತ್ತಾಳೆ, ಹಕ್ಕಳೆ ಉದುರಿ ಬೇವಿನ ನೀರು ಹಾಕಿಕೊಳ್ಳುವ ತನಕ ಕತ್ತಿ ಹಿಡಿಯುವಂತಿಲ್ಲ, ರಕ್ತ ಮುಟ್ಟುವಂತಿಲ್ಲ, ಮನೆಯಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಏನಿಲ್ಲವೆಂದರೂ ಮೂರು ವಾರ. ಕಟುಕರ ಮನೆಯಲ್ಲಿ ಇದನ್ನು ಮೀರುವ ಗಂಡಸು ಹುಟ್ಟಿರಲಿಲ್ಲ.

ಮೂರು ವಾರ ಕೂತರೆ ಹೊಸತೊಡಕು ಕೈತಪ್ಪುತ್ತಿತ್ತು. ಯುಗಾದಿಯ ಮಾರನೇ ದಿನ, ಮನೆಮನೆಯಲ್ಲೂ ಬಾಡೂಟ. ಆ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಎಂದು ಎಲ್ಲರೂ ನಂಬುತ್ತಿದ್ದ ಕಾಲ. ನಮ್ಮ ಶೆಡ್ಡಿನಲ್ಲೂ ಅದೇ ಕಟ್ಟಳೆ: ಹೊಸತೊಡಕಿನ ದಿನ ಯಾವ ಕೊರಡಿನ ಮುಂದೆ ಯಾರು ಕೂರುತ್ತಾನೋ ಮುಂದಿನ ಯುಗಾದಿವರೆಗೆ ಅದು ಅವನದು. ಆ ದಿನ ಬರದವನು ಕೊರಡು ಬಿಟ್ಟ ಹಾಗೆ. ನನ್ನ ಗಂಡನ ಕೊರಡಿನ ಮೇಲೆ ಇನ್ನೂ ನಾಲ್ಕು ಜನರ ಕಣ್ಣಿತ್ತು.

"ಸಾಹುಕಾರ್ರಿಗೆ ಹೇಳಿ, ಇವತ್ತೇ ಹಾಕಿಸ್ಕೊಳ್ಳಿ. ಕೊರಡು ಹೋದ್ರೆ ಹೋಗ್ಲಿ, ನಾನು ಬೋಟಿ ತೊಳ್ದು ಸಾಕ್ತೀನಿ" ಅಂದೆ.

"ಓಹೋ, ಹೆಂಡ್ತಿ ಸಾಕೋ ಗಂಡ ಅಂತ ಬೀದೀಲೆಲ್ಲ ಸಾರಿಸು" ಎಂದು ನಕ್ಕರು. ನನ್ನ ಗಂಡನಿಗೆ ಕೋಪ ಬರುವುದು ಕಮ್ಮಿ, ನಗು ಜಾಸ್ತಿ. ಅಷ್ಟು ಹೇಳಿ, ನನ್ನ ರವಿಕೆಯ ತೋಳು ಮೇಲೆ ಸರಿಸಿ ಕಲೆಗಳನ್ನು ಬೆರಳಲ್ಲಿ ಸವರಿ ನೋಡಿದರು. "ಇಷ್ಟೇ ತಾನೇ ಕಣೇ ಇರೋದು?"

ಮಾರನೇ ಮಧ್ಯಾಹ್ನ ಅಗಸರ ಮನೆಯಿಂದ ಗೇರು ಕಾಯಿ ತಂದರು. ಬಟ್ಟೆಗೆ ಗುರುತು ಹಾಕುವ ಕರಿ ಗೇರು. ಅದರ ಎಣ್ಣೆ ಮೈಗೆ ತಗುಲಿದರೆ ಚರ್ಮ ಬೊಬ್ಬೆ ಎದ್ದು ಸುಲಿದು ಕಲೆ ನಿಲ್ಲುತ್ತದೆ. ಜೊತೆಯಲ್ಲಿ ಇನ್ನೊಬ್ಬನೂ ಬಂದಿದ್ದ. ಅವನು ನನ್ನ ಗಂಡನ ಚಿಕ್ಕಂದಿನ ಗೆಳೆಯ, ತಲಘಟ್ಟಪುರದ ಆಚೆಯಿಂದ ಸಾಹುಕಾರರಿಗೆ ಕುರಿ ಹೊಡೆದುಕೊಂಡು ಬರುವವನು. ಅವನಿಗೂ ಕಲೆ ಬೇಕಿತ್ತು.

"ಅತ್ಗೆ, ನಿಮ್ ಕೈ ನೋಡ್ಕೊಂಡು ನೀವೇ ಹಾಕ್ಬಿಡಿ. ನಮ್ ಕೈಲಿ ಹಾಕಿದ್ರೆ ಕುರಿಗೆ ಮುದ್ರೆ ಒತ್ತಿದಂಗೆ ಆಗ್ತದೆ" ಅಂದ.

ನಾನು ಬೈದೆ. ಒಳ್ಳೆಯ ಬೈಗುಳವನ್ನೇ ಬೈದೆ. ಇಬ್ಬರೂ ನಗುತ್ತಾ ತೋಳು ಚಾಚಿಕೊಂಡು ಕೂತರು. ಕೊನೆಗೆ ಪೊರಕೆ ಕಡ್ಡಿಯ ತುದಿಗೆ ಗೇರೆಣ್ಣೆ ಅದ್ದಿ ಮೊದಲು ಗಂಡನಿಗೆ, ಆಮೇಲೆ ಅವನಿಗೆ, ನನ್ನ ತೋಳನ್ನು ಪಕ್ಕದಲ್ಲಿ ಹಿಡಿದು ಅಳತೆ ನೋಡಿ ನೋಡಿ ಎರಡೆರಡು ಬೊಟ್ಟು ಇಟ್ಟೆ. ಬೊಬ್ಬೆ ಒಡೆದು ಒಣಗಿದ ಮೇಲೆ ದಿನವೂ ಬೆಣ್ಣೆ ಸವರಿ ಸಿಪ್ಪೆ ತೆಗೆದೆ. ಗಂಡ ಪೂರ್ತಿ ತೋಳಿನ ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅತ್ತೆಗೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಹತ್ತು ದಿನ ಕಳೆಯುವಷ್ಟರಲ್ಲಿ ಕಲೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆ ಹೆಮ್ಮೆಗೆ ಬೆಂಕಿ ಬೀಳಲಿ.

ಯುಗಾದಿಯ ಹಿಂದಿನ ದಿನ ಸಾಹುಕಾರರು ಹೇಳಿದ ಹಾಗೇ ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬರೂ ತೋಳು ತೋರಿಸಿ ಒಳಗೆ ಹೋದೆವು. ಇಬ್ಬರು ಕಲೆಯಿಲ್ಲದೆ ಮನೆಗೆ ಹೋದರು, ಅದರಲ್ಲಿ ಒಬ್ಬ ಸಾಹುಕಾರರ ಸೋದರಳಿಯನೇ. ನನ್ನ ಗಂಡನ ತೋಳನ್ನು ಅವರು ಎರಡು ಸಲ ನೋಡಿದರು.

"ಯಾವಾಗ್ ಹಾಕಿಸ್ಕೊಂಡಿದ್ದಯ್ಯಾ?"

"ಹೋದೊರ್ಷ, ಮಾವನ ಮನೇಲಿ" ಅಂದರು ನನ್ನ ಗಂಡ.

"ನಿನ್ ಮಾವ ಬುದ್ಧಿವಂತ" ಎಂದು ಒಳಗೆ ಬಿಟ್ಟರು.

ಮಧ್ಯಾಹ್ನ ಕುರಿ ಬಂದವು. ಹೊಡೆದುಕೊಂಡು ಬಂದ ಗೆಳೆಯನೂ ತೋಳು ತೋರಿಸಿದ, ಒಳಗೆ ಬಂದ. ಅವನ ಮುಖ ಕೆಂಪಗಿತ್ತು, ಸೊಂಟ ಹಿಡಿದುಕೊಂಡು ನಡೆಯುತ್ತಿದ್ದ. ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಿದ್ದಾನೆ ಅಂದುಕೊಂಡೆವು. ಶೆಡ್ಡಿನಲ್ಲೇ ಮಲಗಿದ.

ಹೊಸತೊಡಕಿನ ದಿನ ಉಸಿರಾಡಲು ಪುರಸೊತ್ತಿಲ್ಲ. ಎಂಟೂ ಕೊರಡಿನ ಮೇಲೆ ಕತ್ತಿ ಬೀಳುವ ಸದ್ದು. ಹೊರಗೆ ಮುತ್ತುಗದ ಎಲೆ ಹಾಸಿ ಗುಡ್ಡೆ ಮಾಂಸ ಹಾಕುತ್ತಿದ್ದರು. ತೊಡೆ, ಪಕ್ಕೆ, ಈಲಿ, ಎಲ್ಲವೂ ಸಮನಾಗಿ ಸೇರುವ ಹಾಗೆ ಒಂದೇ ಅಳತೆಯ ಗುಡ್ಡೆಗಳು. ನನ್ನ ಗಂಡ ಕತ್ತರಿಸಿ ಕೊಟ್ಟದ್ದನ್ನು ಆ ಗೆಳೆಯ ಮೊರದಲ್ಲಿ ತಂದು ಗುಡ್ಡೆಗೆ ಹಂಚುತ್ತಿದ್ದ. ನಾನು ಬೋಟಿ ಕೊಡಲು ಹೋದಾಗ ಅವನು ಮೊರ ಕೆಳಗಿಟ್ಟು ಹಣೆ ಒರೆಸಿಕೊಂಡ. ಹಣೆಯ ಅಂಚಿನಲ್ಲಿ, ಮಣಿಕಟ್ಟಿನಲ್ಲಿ ಸಾಸಿವೆಯಷ್ಟು ಚಿಕ್ಕ ಕೆಂಪು ಚುಕ್ಕೆಗಳಿದ್ದವು.

"ಅಣ್ಣಾ, ಇದೇನು?" ಅಂದೆ.

"ಸೆಕೆ ಗುಳ್ಳೆ ಅತ್ಗೆ."

ನೇರ ಗಂಡನ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. ಅವರು ಕತ್ತಿ ನಿಲ್ಲಿಸಲಿಲ್ಲ. "ಬಾಯ್ ಮುಚ್ಚು, ಜನ ಇದಾರೆ. ಸಾಯಂಕಾಲ ನೋಡೋಣ" ಅಂದರು. ತೊಟ್ಟಿಲ ಹತ್ತಿರ ಓಡಿ ಮಗಳನ್ನು ಎತ್ತಿಕೊಂಡೆ, ಅವಳನ್ನು ಮುಟ್ಟುವ ಮುಂಚೆ ಕೈ ತೊಳೆದಿದ್ದೆನೋ ಇಲ್ಲವೋ ಎಂದು ಆಮೇಲೆ ಎಷ್ಟು ದಿನ ತಲೆ ಕೆಡಿಸಿಕೊಂಡೆನೋ ದೇವರಿಗೇ ಗೊತ್ತು.

ಸಾಯಂಕಾಲಕ್ಕೆ ಅವನು ಎದ್ದು ನಿಲ್ಲಲಾರದೆ ಕುರಿ ದೊಡ್ಡಿಯಲ್ಲಿ ಬಿದ್ದಿದ್ದ. ಮಾರನೇ ದಿನ ಮುಖದ ಮೇಲೆ ಗುಳ್ಳೆ ಸ್ಪಷ್ಟವಾಗಿ ಎದ್ದವು. ಸಾಹುಕಾರರು ಬಂದು ದೂರದಿಂದಲೇ ನೋಡಿ, "ಅಯ್ಯೋ ಶಿವನೇ, ದಾಕು ಆಗಿತ್ತಲ್ಲೋ ಇವ್ನಿಗೆ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ಗಾಡಿ ತರಿಸಿ ಅಂಟುರೋಗದ ಆಸ್ಪತ್ರೆಗೆ ಕಳಿಸಿದರು. ಗಾಡಿ ಹೋಗುವಾಗ ನಾನು ನನ್ನ ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ.

ಅದರ ಮಾರನೇ ದಿನ ಬೆಳಿಗ್ಗೆ ದಾಕು ಹಾಕುವವರು ಸಾಹುಕಾರರ ಜೊತೆ ನಮ್ಮ ಬೀದಿಗೇ ಬಂದರು. ಇನ್ಸ್‌ಪೆಕ್ಟರೂ ಇದ್ದರು. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನನ್ ಮೊಮ್ಮಗಳ ಮೈಗೆ ಅಮ್ಮನ್ನ ಕರೀಬೇಡಿ, ಹಸುಗೂಸು" ಎಂದು ಕೂಗಾಡಿದರು. ನಾನು ಅದಕ್ಕಿಂತ ಜೋರಾಗಿ ಕೂಗಾಡಿದೆ. ಬೀದಿಯೆಲ್ಲ ಬಂದು ನಿಂತಿತು. "ಮಗು ನಂದು, ನಾನ್ ಹೆತ್ತಿದ್ದು. ಅಡ್ಡ ಬಂದ್ರೆ ಇವತ್ತೇ ಅಪ್ಪನ ಮನೆಗೆ ಹೋಗ್ತೀನಿ" ಎಂದು ಮಗಳನ್ನು ಎತ್ತಿಕೊಂಡು ಹೋಗಿ ದಾಕು ಹಾಕುವವರ ಮುಂದೆ ಕೂತೆ. ಅವರು ಮಗುವಿನ ತೋಳಿಗೆ ಎರಡು ಹನಿ ಬಿಟ್ಟು, ಹಲ್ಲಿನ ಚಕ್ರದಂತಹ ಚಿಕ್ಕ ಉಪಕರಣ ಒತ್ತಿ ತಿರುಗಿಸಿದರು. ಮಗು ಕಿರುಚಿತು. ನಾನು ಗೆದ್ದಿದ್ದೆ.

"ನೋಡಮ್ಮಾ, ರೋಗ ತಾಗಿದ್ರೂ ಮೂರು ನಾಲ್ಕು ದಿನದೊಳಗೆ ಇದು ಬಿದ್ರೆ ಜೀವಕ್ಕೆ ಭಯ ಇಲ್ಲ" ಎಂದರು ಅವರು. ಆಮೇಲೆ ಪೆಟ್ಟಿಗೆ ನೋಡಿಕೊಂಡು, "ಮದ್ದು ಕಮ್ಮಿ ಇದೆ. ಹಳೇ ಕಲೆ ಇರೋರು ಪಕ್ಕಕ್ಕೆ ನಿಂತ್ಕೊಳ್ಳಿ, ಇಲ್ದೇ ಇರೋರಿಗೆ ಮೊದಲು" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನ ಗಂಡ ನಿಜಕ್ಕೂ ಅಂಗಿಯ ಮೇಲಿಂದ ತೋಳು ಮುಟ್ಟಿಕೊಂಡರು. ನನ್ನ ಪಕ್ಕದಲ್ಲಿ ಬಂದು ನಿಂತರು. ನಾವಿಬ್ಬರೂ ಕಲೆ ಇದ್ದವರ ಸಾಲಿನಲ್ಲಿ. ದಾಕು ಹಾಕುವವರು ಒಬ್ಬೊಬ್ಬರ ತೋಳನ್ನೂ ನೋಡುತ್ತಾ ಬಂದು ನನ್ನ ಗಂಡನ ಮುಂದೆ ನಿಂತರು. ಅವರು ಅನುಭವಸ್ಥರು. ತೋಳನ್ನು ಬೆಳಕಿಗೆ ತಿರುಗಿಸಿದರು. ಹುಬ್ಬು ಗಂಟಿಕ್ಕಿತು. ನನ್ನ ಕಡೆ ತಿರುಗಿ, "ಇವ್ರಿಗೆ ಆಗಿದ್ಯೇನಮ್ಮಾ?" ಎಂದು ಕೇಳಿದರು.

ಹೊಸತೊಡಕಿನಿಂದ ಎಣಿಸಿದರೆ ಮೂರನೇ ದಿನ ಅದು. ಪೆಟ್ಟಿಗೆಯಲ್ಲಿ ಇನ್ನೂ ಮದ್ದು ಇತ್ತು. ನಾಲ್ಕು ಮೊಳ ದೂರದಲ್ಲಿ ಸಾಹುಕಾರರು, ಅವರ ಪಕ್ಕ ಇನ್ಸ್‌ಪೆಕ್ಟರ್. ಕಳ್ಳ ಕಲೆ ಎಂದರೆ ಕೊರಡು ಹೋಗುತ್ತದೆ, ಸಾಹುಕಾರರ ಲೈಸೆನ್ಸ್ ಹೋಗುತ್ತದೆ, ಯಾರು ಹಾಕಿದ್ದು ಎಂದು ಕೇಳುತ್ತಾರೆ. ಪೊಲೀಸರು ಬರುತ್ತಾರೇನೋ ಎಂದೂ ಅನ್ನಿಸಿತು. ಗಂಡ ನನ್ನ ಮೊಣಕೈಯನ್ನು ಮೆಲ್ಲಗೆ ಚಿವುಟಿದರು.

"ಹೂಂ, ಆಗಿದೆ" ಅಂದೆ.

ಅವರು ಮುಂದೆ ಹೋದರು.

ಆಮೇಲೆ ಬಂದದ್ದು ಕಾಯುವ ದಿನಗಳು. ಅಂತಹ ದಿನಗಳು ಹಗೆಯವರಿಗೂ ಬೇಡ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಗಂಡನ ಹಣೆ ಮುಟ್ಟುತ್ತಿದ್ದೆ. "ಹೋಗೇ, ಕುರಿ ಕೊಳ್ಳೋಕೆ ಬಂದೋರ ಥರ ಮುಟ್ ಮುಟ್ ನೋಡ್ತೀಯ" ಎಂದು ನಗುತ್ತಿದ್ದರು. ಈಗಲಾದರೂ ಹೋಗಿ ಹಾಕಿಸಿಕೊಂಡು ಬನ್ನಿ ಎಂದು ಕಾಲು ಹಿಡಿದೆ. ನಾಳೆ, ನಾಡಿದ್ದು ಅಂದರು. ನಾಲ್ಕನೇ ದಿನ ಕಳೆಯಿತು. ಐದನೆಯದೂ ಕಳೆಯಿತು. ಮಗಳ ತೋಳಿನಲ್ಲಿ ಗುಳ್ಳೆ ಎದ್ದು ಕೀವು ತುಂಬಿ ಅವಳಿಗೆ ಜ್ವರ ಬಂದಾಗ ನಾನು ಸಂತೋಷದಿಂದ ಅತ್ತುಬಿಟ್ಟೆ. ನಮ್ಮ ಅತ್ತೆ ಬೇವಿನ ಸೊಪ್ಪು ತಂದು ತೊಟ್ಟಿಲಿಗೆ ಸಿಕ್ಕಿಸಿ, ನನ್ನ ಕಡೆ ದುರುಗುಟ್ಟಿ ನೋಡಿದರು. ಎಂಟು, ಒಂಬತ್ತು, ಹತ್ತು. ಏನೂ ಇಲ್ಲ. ಹನ್ನೊಂದನೇ ದಿನ ನನ್ನ ಮನಸ್ಸು ಸ್ವಲ್ಪ ಹಗುರವಾಗಿ ಬಾವಿಯ ಹತ್ತಿರ ಯಾರನ್ನೋ ರೇಗಿಸಿದ್ದು ನೆನಪಿದೆ.

ಹನ್ನೆರಡನೇ ದಿನ ಗಂಡ ಶೆಡ್ಡಿನಿಂದ ಮಧ್ಯದಲ್ಲೇ ಎದ್ದು ಬಂದರು. "ಸೊಂಟ ಮುರ್ಕೊಂಡ್ ಬೀಳ್ತಾ ಇದೆ ಕಣೇ" ಅಂದರು. ಆ ಗೆಳೆಯನೂ ಹೀಗೇ ಸೊಂಟ ಹಿಡಿದುಕೊಂಡು ಬಂದಿದ್ದ.

ಅತ್ತೆ ಆಸ್ಪತ್ರೆಗೆ ಕಳಿಸಲು ಒಪ್ಪದೆ, ನನ್ನನ್ನೂ ಮಗುವನ್ನೂ ಜಗಲಿಗೆ ಕಳಿಸಿ ಒಳಗೆ ತಾವೇ ನಿಂತರು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಾಗಿಲಿಗೆ ಬೇವು ಕಟ್ಟಿದರು. ನಾನು ಗೋಡೆಗೆ ಒರಗಿ ಕೂತು ಒಳಗಿನ ನರಳಿಕೆ ಕೇಳುತ್ತಿದ್ದೆ. ಮೊದಲ ಮೂರು ದಿನ ಗಂಡ ಒಳಗಿನಿಂದ ಮಾತಾಡುತ್ತಿದ್ದರು. "ಮಗು ಹಾಲು ಕುಡೀತಾ? ಕೊರಡಿನ ಮೇಲೆ ಗೋಣಿ ಹೊದಿಸಿದಾರಾ ಕೇಳು." ಆಮೇಲೆ ಗಂಟಲೊಳಗೂ ಗುಳ್ಳೆ ಎದ್ದು ಮಾತು ನಿಂತಿತು. ಜಗಳವಾಡಲು ಕೂಡ ಯಾರೂ ಇಲ್ಲದೆ ನಾನು ಕೂತೇ ಇದ್ದೆ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಮೈಮೇಲೆ ಗುಳ್ಳೆ ಎದ್ದ ಎಂಟನೇ ದಿನ ಬೆಳಿಗ್ಗೆ ಅತ್ತೆ ಬಾಗಿಲು ತೆರೆದು ಬಾ ಎಂದು ಕೈ ಮಾಡಿದರು. ಎಲ್ಲ ಮುಗಿದಿತ್ತು. ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಮುಖ ನೋಡಲಾಗಲಿಲ್ಲ, ತೋಳು ನೋಡಿದೆ. ಮೈಯಲ್ಲಿ ಒಂದು ಬೆರಳು ಇಡುವಷ್ಟು ಜಾಗ ಬಿಟ್ಟಿರಲಿಲ್ಲ. ನಾನು ಅಳತೆ ನೋಡಿ ಇಟ್ಟ ಎರಡು ಕಲೆಗಳ ಮೇಲೂ ಗುಳ್ಳೆ ಎದ್ದಿದ್ದವು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ನನ್ನೊಳಗೇ ಇಟ್ಟುಕೊಂಡು ಹೋಗುತ್ತಿದ್ದೆ. ತಿಥಿಗೆ ಇನ್ನೂ ಎರಡು ದಿನ ಇತ್ತು. ಹೋದ ಸಲ ಮದ್ದು ಸಾಲದೆ ಬೀದಿಯ ಮಕ್ಕಳು ಬಹಳಷ್ಟು ಉಳಿದುಹೋಗಿದ್ದರು. ದಾಕು ಹಾಕುವವರು ಮತ್ತೆ ಬಂದರು, ಈ ಸಲ ಪೆಟ್ಟಿಗೆ ತುಂಬ ಮದ್ದು ತಂದಿದ್ದರು. ನಾನು ಒಳಗೆ ಕೂತಿದ್ದೆ. ಬೀದಿಯಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೇಳಿತು. ಎದುರುಮನೆಯವಳು ಮೂರು ಮಕ್ಕಳ ತಾಯಿ, ಅವಳ ದನಿ ನನಗೆ ಚೆನ್ನಾಗಿ ಗೊತ್ತು.

"ಬ್ಯಾಡ ಸ್ವಾಮಿ, ಹೋಗಿ. ದಾಕು ಆಗಿದ್ದ ಗಂಡಸೇ ಈ ಬೀದೀಲಿ ಹೋಗಿ ಇನ್ನೂ ಹದಿನೈದು ದಿನ ಆಗಿಲ್ಲ. ಕುರಿಯೋನ ತೋಳಲ್ಲೂ ಕಲೆ ಇತ್ತಂತೆ. ನಿಮ್ ದಾಕು ಹಾಕಿಸ್ಕೊಂಡೋರ್ನೇ ಅಮ್ಮ ಹುಡುಕ್ಕೊಂಡ್ ಬತ್ತವ್ಳೆ."

"ಹೌದೌದು" ಎಂದು ಇನ್ನೊಂದು ಮನೆಯವಳ ದನಿ ಬಂತು. ಅವಳ ಕೊನೆಯ ಕೂಸು ಮತ್ತು ನನ್ನ ಮಗಳು ಒಂದೇ ತಿಂಗಳಲ್ಲಿ ಹುಟ್ಟಿದವರು.

ಎದ್ದೆ. ಸೂತಕದಲ್ಲಿ, ತಲೆ ಬಾಚದೆ, ಹಾಗೇ ಬೀದಿಗೆ ಬಂದೆ. ಉಳಿದ ಗೇರು ಕಾಯಿಗಳನ್ನು ಒಲೆಯ ಹಿಂದೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ, ಅದನ್ನು ತಂದು ಎಲ್ಲರ ಮುಂದೆ ನೆಲಕ್ಕೆ ಸುರಿದೆ.

"ಬಾಗ್ಲು ತೆಗೀರೇ!" ಎಂದು ಕಿರುಚಿದೆ. "ಅದು ದಾಕು ಅಲ್ಲ ಕಣ್ರೇ. ಇದು, ಈ ಗೇರು. ನಾನೇ ಹಾಕಿದ್ದು, ಈ ಕೈಯಲ್ಲಿ. ಅವ್ರಿಬ್ರಿಗೂ ದಾಕು ಆಗೇ ಇರ್ಲಿಲ್ಲ. ನಿಜವಾದ್ದು ನನ್ ಮೈಮೇಲಿದೆ, ನನ್ ಮಗಳ ಮೈಮೇಲಿದೆ. ಒಂದೇ ಮನೇಲಿದ್ವಿ, ಒಂದೇ ಗಾಳಿ ಕುಡಿದ್ವಿ. ನಮಗೇನಾಯ್ತು ನೋಡಿ! ನಿಮ್ ಮಕ್ಕಳನ್ನ ಈಚೆಗೆ ತನ್ನಿ!"

ದಾಕು ಹಾಕುವವರು ನನ್ನನ್ನೇ ನೋಡುತ್ತಾ ನಿಂತರು. ಅವರಿಗೆ ನನ್ನ "ಆಗಿದೆ" ನೆನಪಾಗಿರಬೇಕು. ಆಮೇಲೆ ಎದುರುಮನೆಯ ಬಾಗಿಲು ತೆರೆಯಿತು. ಅವಳು ಮೂರೂ ಮಕ್ಕಳನ್ನು ಮುಂದೆ ನೂಕಿಕೊಂಡು ಬಂದಳು. ಸಂಜೆಯ ಹೊತ್ತಿಗೆ ಬೀದಿಯ ಮಕ್ಕಳಿಗೆಲ್ಲ ದಾಕು ಆಯಿತು. ಶೆಡ್ಡಿಗೆ ಕೆಲವು ತಿಂಗಳು ಬೀಗ ಬಿತ್ತು, ಸಾಹುಕಾರರು ನನಗೆ ಮತ್ತೆ ಕೆಲಸ ಕೊಡಲಿಲ್ಲ, ಅವರನ್ನು ನಾನು ದೂರುವುದಿಲ್ಲ. ಗೆಳೆಯ ಬದುಕಿ ಬಂದ. ಮುಖ ಪೂರ್ತಿ ಗುಳಿ ಬಿದ್ದಿತ್ತು, ನಮ್ಮ ಬೀದಿಗೆ ಮಾತ್ರ ಮತ್ತೆ ಕಾಲಿಡಲಿಲ್ಲ.

ಬೀದಿಯಲ್ಲಿ ಕೂಗಿ ನಾನು ತಿರುಗಿದಾಗ ಅತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದರು. ನನ್ನ ಬಾಯಿಂದ ಬಂದ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲನೆ ಕೇಳಿದರು:

"ಆವತ್ತು ಅವ್ರು ನಿನ್ನೇ ಕೇಳಿದ್ರಲ್ಲೇ. ಆವತ್ತು ಎಲ್ಲೋಗಿತ್ತು ಈ ಬಾಯಿ?"

ಆಮೇಲೆ ಹನ್ನೊಂದು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡು ಇದ್ದೆವು. ನನ್ನ ಮಗಳನ್ನು ಅವರೇ ಬೆಳೆಸಿದರು. ದಾಕು ಹಾಕುವವರು ಬಂದಾಗಲೆಲ್ಲ ಅವಳನ್ನು ಕೈ ಹಿಡಿದು ಅವರೇ ಮೊದಲು ಕರೆದುಕೊಂಡು ಹೋಗುತ್ತಿದ್ದರು. ನನ್ನ ಜೊತೆ ಮಾತ್ರ ಸಾಯುವವರೆಗೂ ಇನ್ನೊಂದು ಮಾತಾಡಲಿಲ್ಲ.